ಆಯುಧಪೂಜೆಗೆ ಎಬ್ಬಿಸಿ, ಯುಗಾದಿಗೆ ಮಲಗಿಸಿ
ಮನೆಯ ಸೌರ ಫಲಕಕ್ಕೆ ಎರಡು ತೂತಿನ ಸ್ಟ್ಯಾಂಡು ಸಾಕು



ಕೆಲವು ತಿಂಗಳ ಹಿಂದೆ ಚಳ್ಳಕೆರೆ ಕಡೆಯ ಒಂದು ಹಳ್ಳಿಯ ವಾಚನಾಲಯಕ್ಕೆ ಶೇಂಗಾ ಬೀಜೋಪಚಾರದ ವಿಷಯವಾಗಿ ಮಾತನಾಡಲು ಹೋಗಿದ್ದೆನು. ಮಾತು ಮುಗಿದು ಚಹಾ ಬರುವ ಹೊತ್ತಿಗೆ ಹಿರಿಯ ರೈತರೊಬ್ಬರು ಅಂಗಿಯ ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ನನ್ನ ಮುಂದಿಟ್ಟರು. "ಸ್ವಾಮಿ, ಶೇಂಗಾ ವಿಚಾರ ಇರಲಿ, ಇದನ್ನೊಂದಿಷ್ಟು ನೋಡಿ ಹೇಳಿ" ಎಂದರು. ಅದು ಅವರ ಮನೆಯ ಮೇಲೆ ಸೋಲಾರ್ ಪ್ಲೇಟು ಹಾಕಿಸುವುದಕ್ಕೆ ಯಾರೋ ಬರೆದುಕೊಟ್ಟಿದ್ದ ಖರ್ಚಿನ ಪಟ್ಟಿ. ಪ್ಲೇಟು, ವೈರು, ಇನ್ವರ್ಟರು ಎಲ್ಲವೂ ಸರಿಯಾಗಿಯೇ ಇದ್ದವು. ಕೆಳಗೆ ಬೇರೆಯಾಗಿ ಒಂದು ಸಾಲು: 'ಸೂರ್ಯನ ಜೊತೆ ತಿರುಗುವ ಸ್ಟ್ಯಾಂಡು'. ಅದಕ್ಕೆ ಹಾಕಿದ್ದ ಬೆಲೆಯಲ್ಲಿ ಕರೆಯುವ ಎಮ್ಮೆಯೊಂದು ಕೊಟ್ಟಿಗೆಗೆ ಬರುತ್ತಿತ್ತು.

"ಇದು ಬೇಕೋ ಬೇಡವೋ?" ಎಂಬುದು ಅವರ ಪ್ರಶ್ನೆ. ಬೇಡವೆಂದು ಅಲ್ಲಿಯೇ ಹೇಳಿದೆ. ಆದರೆ ಹಾಗೆ ಹೇಳಿ ಎದ್ದು ಬರುವುದು ಸರಿಯಲ್ಲ ಎನಿಸಿತು. ಏಕೆಂದರೆ ಫಲಕವನ್ನು ಋತುವಿಗೆ ತಕ್ಕಂತೆ ಓರೆ ಮಾಡುವುದರಲ್ಲಿ ಹುರುಳಿಲ್ಲದೆ ಇಲ್ಲ. ಎಷ್ಟು ಹುರುಳಿದೆ, ಯಾರಿಗೆ ಇದೆ, ಅದಕ್ಕೆ ಎಷ್ಟು ದುಡ್ಡು ಹಾಕಬಹುದು ಎಂಬುದನ್ನು ತೂಗಿ ನೋಡಬೇಕು. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಸೂರ್ಯನ ಓಡಾಟ. ನಮ್ಮ ರಾಜ್ಯವು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 11.5 ಡಿಗ್ರಿಯಿಂದ 18.5 ಡಿಗ್ರಿಯವರೆಗೆ ಹರಡಿಕೊಂಡಿದೆ. ಮೈಸೂರು 12ರ ಮೇಲೆ, ಚಿತ್ರದುರ್ಗ 14ರ ಮೇಲೆ, ಧಾರವಾಡ ಹದಿನೈದೂವರೆ, ಬೀದರ ಸುಮಾರು 18. ಈ ಸಂಖ್ಯೆಯೇ ಫಲಕದ ಇಳಿಜಾರಿನ ಲೆಕ್ಕಕ್ಕೆ ಮೂಲ. ಚಿತ್ರದುರ್ಗದ ಸೀಮೆಯಲ್ಲಿ ಡಿಸೆಂಬರ್ 21-22ರ ನಡುಹಗಲು ಸೂರ್ಯನು ನೆತ್ತಿಯಿಂದ ದಕ್ಷಿಣಕ್ಕೆ ಸುಮಾರು 38 ಡಿಗ್ರಿ ಜಾರಿರುತ್ತಾನೆ. ಏಪ್ರಿಲ್ ಕೊನೆಯ ವಾರದಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನಡುಹಗಲಲ್ಲಿ ನೆರಳೇ ಇರುವುದಿಲ್ಲ. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ಉತ್ತರದ ಕಡೆಗೇ ಇದ್ದು, ಜೂನ್ 21ರ ಸುಮಾರಿಗೆ ನೆತ್ತಿಯಿಂದ 9 ಡಿಗ್ರಿ ಉತ್ತರಕ್ಕೆ ಹೋಗಿರುತ್ತಾನೆ. ಬೀದರಿನವರಿಗೆ ನೆರಳಿಲ್ಲದ ದಿನ ಮೇ ಎರಡನೆಯ ವಾರಕ್ಕೆ ಬರುತ್ತದೆ, ಅಷ್ಟೇ ವ್ಯತ್ಯಾಸ.

ಇಲ್ಲೊಂದು ಮಾತು. ಸಂಕ್ರಾಂತಿಯ ದಿನ ಸೂರ್ಯನು ಉತ್ತರಕ್ಕೆ ತಿರುಗುತ್ತಾನೆಂದು ನಾವು ಎಳ್ಳುಬೆಲ್ಲ ಹಂಚುತ್ತೇವೆ. ಹಬ್ಬವನ್ನು ಬಿಡಬೇಕಾಗಿಲ್ಲ. ಆದರೆ ಆಕಾಶದ ಸೂರ್ಯ ಡಿಸೆಂಬರ್ 21-22ರಂದೇ ತಿರುಗಿಬಿಟ್ಟಿರುತ್ತಾನೆ. ಪಂಚಾಂಗದ ಮಕರ ಸಂಕ್ರಮಣಕ್ಕೂ ಅದಕ್ಕೂ ಈಗ ಮೂರು ವಾರಕ್ಕಿಂತ ಹೆಚ್ಚು ಅಂತರ ಬಿದ್ದಿದೆ. ಫಲಕದ ಲೆಕ್ಕಕ್ಕೆ ಆಕಾಶದ ಸೂರ್ಯನನ್ನೇ ನಂಬಬೇಕು.

ಓರೆ ಮಾಡುವುದರಿಂದ ಏನಾಗುತ್ತದೆ ಎಂಬುದನ್ನು ತಿಳಿಯಲು ಮನೆಯ ಮೊರವೊಂದು ಸಾಕು. ಬಿಸಿಲಿನಲ್ಲಿ ಮೊರವನ್ನು ಹಿಡಿದು, ಅದರ ನೆರಳು ಗೋಡೆಯ ಮೇಲೋ ನೆಲದ ಮೇಲೋ ಬೀಳುವುದನ್ನು ನೋಡಿ. ಮೊರ ಸೂರ್ಯನಿಗೆ ನೇರ ಮುಖ ಮಾಡಿದಾಗ ಅದು ತಡೆಯುವ ಬಿಸಿಲು ಅತಿ ಹೆಚ್ಚು. ಓರೆ ಮಾಡಿದಷ್ಟೂ ತಡೆಯುವ ಬಿಸಿಲು ಕಿರಿದಾಗುತ್ತದೆ. ಆದರೆ ಗಮನಿಸಿ: ಸ್ವಲ್ಪ ಓರೆಯಾದರೆ ಹೆಚ್ಚೇನೂ ಕಿರಿದಾಗುವುದಿಲ್ಲ. 10 ಡಿಗ್ರಿ ತಪ್ಪಿದರೆ ನೂರರಲ್ಲಿ ಒಂದೂವರೆ ಪಾಲು ಮಾತ್ರ ನಷ್ಟ. 23 ಡಿಗ್ರಿ ತಪ್ಪಿದರೆ ಎಂಟು ಪಾಲು. ಆದ್ದರಿಂದ ಡಿಗ್ರಿ ಡಿಗ್ರಿಗೂ ಹೆಣಗಾಡುವವರು ಕಾಸಿನ ಲಾಭಕ್ಕೆ ರೂಪಾಯಿಯ ಶ್ರಮ ಪಡುತ್ತಾರೆ.

ಸಾಮಾನ್ಯವಾಗಿ ಮನೆಗಳ ಮೇಲೆ ಫಲಕವನ್ನು ದಕ್ಷಿಣಕ್ಕೆ ಮುಖ ಮಾಡಿಸಿ, ಊರಿನ ಅಕ್ಷಾಂಶದಷ್ಟೇ, ಅಂದರೆ ನಮ್ಮಲ್ಲಿ 15 ಡಿಗ್ರಿಯ ಆಸುಪಾಸಿನಲ್ಲಿ, ಒಂದೇ ಓರೆಗೆ ಬಿಗಿದು ಬಿಡುತ್ತಾರೆ. ಇದು ತಪ್ಪಲ್ಲ. ಇದರ ಬದಲು ವರ್ಷಕ್ಕೆ ಎರಡು ಸಲ ಓರೆ ಬದಲಿಸಿದರೆ ಇಡೀ ವರ್ಷದ ಲೆಕ್ಕದಲ್ಲಿ ನೂರಕ್ಕೆ ನಾಲ್ಕೈದು ಪಾಲು ಹೆಚ್ಚು ವಿದ್ಯುತ್ತು ಸಿಕ್ಕೀತು. ಡಿಸೆಂಬರ್ ತಿಂಗಳೊಂದನ್ನೇ ಹಿಡಿದರೆ, ಆಕಾಶ ತಿಳಿಯಾಗಿದ್ದಾಗ ಲಾಭ ಎಂಟು ಹತ್ತು ಪಾಲಿಗೆ ಹೋಗುತ್ತದೆ. ಮುಂಗಾರಿನ ಮೋಡದ ದಿನಗಳಲ್ಲಿ ಬೆಳಕು ಆಕಾಶದ ಎಲ್ಲ ಕಡೆಯಿಂದಲೂ ಚದುರಿ ಬರುವುದರಿಂದ ಓರೆಯ ಪ್ರಭಾವ ತೀರ ಕಡಿಮೆ.

ಇನ್ನು ದುಡ್ಡಿನ ಲೆಕ್ಕ. ನಮ್ಮ ಬಿಸಿಲಿಗೆ ಒಂದು ಕಿಲೋವ್ಯಾಟ್ ಫಲಕವು ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆಂದು ಹಿಡಿಯಿರಿ. ವರ್ಷಕ್ಕೆ 1,460 ಯೂನಿಟ್. ಅದರ ನೂರಕ್ಕೆ ನಾಲ್ಕು ಎಂದರೆ 58 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಎಂದುಕೊಂಡರೂ ವರ್ಷಕ್ಕೆ 350 ರೂಪಾಯಿ ಆಗಲಿಲ್ಲ. ಮೂರು ಕಿಲೋವ್ಯಾಟ್ ಹಾಕಿಸಿದವರಿಗೆ ಸಾವಿರದ ಹತ್ತಿರ. ಈ ಸಾವಿರಕ್ಕಾಗಿ ಎಮ್ಮೆಯ ಬೆಲೆಯ ಸ್ಟ್ಯಾಂಡು ಕೊಳ್ಳುವುದು ಯಾವ ಸೀಮೆಯ ಬೇಸಾಯ? ಮೋಟಾರಿನಿಂದ ತಿರುಗುವ ಯಂತ್ರವು ದೊಡ್ಡ ಸೌರ ಕ್ಷೇತ್ರಗಳಿಗೆ ಒಪ್ಪಬಹುದು. ಅಲ್ಲಿ ಅದನ್ನು ನೋಡಿಕೊಳ್ಳಲು ಸಂಬಳದ ಜನರಿರುತ್ತಾರೆ. ಮನೆಯ ಮೇಲೆ ಅದು ಕೆಟ್ಟು, ಫಲಕವು ಪಶ್ಚಿಮಕ್ಕೆ ಮುಖ ಮಾಡಿ ನಿಂತಿತೆಂದರೆ, ರಿಪೇರಿಯವನು ಬರುವ ತನಕ ಇದ್ದ ಲಾಭವೂ ಹೋಯಿತು.

2023ರಲ್ಲಿ ಬಂದ ಗೃಹಜ್ಯೋತಿಯ ಮೂಲಕ ಮನೆಯ ವಿದ್ಯುತ್ತನ್ನು ಉಚಿತವಾಗಿ ಪಡೆಯುತ್ತಿರುವವರಿಗೆ ಈ ಐವತ್ತೆಂಟು ಯೂನಿಟ್ಟಿನ ಮಾತೇ ಬೇರೆ. ಹಾಗೆಯೇ, 2024ರ ಫೆಬ್ರವರಿಯಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯ ಸಹಾಯಧನದಲ್ಲಿ (ಎರಡು ಕಿಲೋವ್ಯಾಟಿನ ತನಕ ಕಿಲೋವ್ಯಾಟಿಗೆ 30,000, ಮೂರು ಮತ್ತು ಅದಕ್ಕೂ ಮೇಲ್ಪಟ್ಟದ್ದಕ್ಕೆ ಒಟ್ಟು 78,000 ರೂಪಾಯಿ) ಹಾಕಿಸುವವರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಬ್ಯಾಟರಿಯಿಲ್ಲದೆ ಲೈನಿಗೆ ಜೋಡಿಸಿದ ವ್ಯವಸ್ಥೆಯು ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ನ ಪ್ರಾಣರಕ್ಷಣೆಗಾಗಿ ಹಾಗೆ ಮಾಡಿರುತ್ತಾರೆ. "ಮೇಲೆ ಇಷ್ಟು ಬಿಸಿಲಿದೆ, ಕೆಳಗೆ ದೀಪವಿಲ್ಲ" ಎಂದು ಬೈಯುವ ಮೊದಲು ಇದನ್ನು ನೆನಪಿಡಿ.

ಹಾಗಾದರೆ ಓರೆ ಬದಲಿಸುವ ಉಸಾಬರಿ ಯಾರಿಗೆ ಬೇಕು? ನನ್ನ ಅಭಿಪ್ರಾಯದಲ್ಲಿ ಇಬ್ಬರಿಗೆ. ಒಂದೆರಡು ಫಲಕ, ಒಂದು ಬ್ಯಾಟರಿ ಇಟ್ಟುಕೊಂಡು ತೋಟದ ಮನೆಯ ದೀಪ, ಫ್ಯಾನು, ಬೇಲಿಯ ಝಟಕಾ ಯಂತ್ರ ನಡೆಸುವವರಿಗೆ ಚಳಿಗಾಲದ ಹತ್ತು ಪಾಲು ದೊಡ್ಡದು. ಹಗಲು ಚಿಕ್ಕದು, ಕತ್ತಲು ಉದ್ದ; ಆ ತಿಂಗಳಲ್ಲೇ ಬ್ಯಾಟರಿ ಬೇಗ ಬರಿದಾಗುವುದು. ಎರಡನೆಯವರು ಸೌರ ಪಂಪ್‌ಸೆಟ್ಟಿನವರು. ಹಿಂಗಾರಿ ಜೋಳಕ್ಕೋ ಈರುಳ್ಳಿಗೋ ನವೆಂಬರ್-ಜನವರಿಯಲ್ಲಿ ನೀರು ಕಟ್ಟುವವರಿಗೆ ಬೆಳಿಗ್ಗೆ ಪಂಪು ಸ್ವಲ್ಪ ಬೇಗ ಎತ್ತುವುದೂ, ಸಂಜೆ ಸ್ವಲ್ಪ ತಡವಾಗಿ ನಿಲ್ಲುವುದೂ ಕಣ್ಣಿಗೆ ಕಾಣುವ ಲಾಭ. ಊರಿನ ಸೋಲಾರ್ ನೀರು ಕಾಯಿಸುವ ಯಂತ್ರಗಳನ್ನು ನೋಡಿದ್ದೀರಷ್ಟೆ; ಅವುಗಳನ್ನು ಹೆಚ್ಚು ಕಡಿದಾಗಿ ನಿಲ್ಲಿಸಿರುತ್ತಾರೆ. ಬಿಸಿನೀರು ಬೇಕಾಗುವುದು ಚಳಿಗಾಲದಲ್ಲಿ ಎಂಬುದೇ ಅದಕ್ಕೆ ಕಾರಣ. ಯಾವಾಗ ಬೇಕೋ ಆಗಿನ ಸೂರ್ಯನಿಗೆ ಮುಖ.

ಪಂಪ್‌ಸೆಟ್ಟಿನ ವಿಷಯ ಬಂದಿದ್ದರಿಂದ ನಮ್ಮ ಕಡೆಯ ಲೋಪವನ್ನೂ ಹೇಳಿಬಿಡುತ್ತೇನೆ. ಸೌರ ಪಂಪುಗಳಿಗಾಗಿ ಕೇಂದ್ರ ಸಚಿವಾಲಯವು ಹೊರಡಿಸಿದ ತಾಂತ್ರಿಕ ನಿಯಮಗಳಲ್ಲಿಯೇ ಋತುವಿಗೆ ತಕ್ಕಂತೆ ಓರೆ ಬದಲಿಸುವ, ದಿನಕ್ಕೆ ಮೂರು ಬಾರಿ ಕೈಯಿಂದ ತಿರುಗಿಸುವ ಏರ್ಪಾಡಿನ ಮಾತಿದೆ. ಅಂದರೆ ಎಷ್ಟೋ ರೈತರ ಹೊಲದಲ್ಲಿ ಆ ತೂತುಗಳೂ ಆ ಬೋಲ್ಟುಗಳೂ ಈಗಾಗಲೇ ಇವೆ. ನಾನು ನೋಡಿದ ಹಲವೆಡೆ ಅವು ತುಕ್ಕು ಹಿಡಿದು ಕುಳಿತಿವೆ. ಜೋಡಿಸಲು ಬಂದವರು ಫೋಟೋ ಹಿಡಿದು, ರುಜು ಹಾಕಿಸಿಕೊಂಡು ಹೋದರೇ ಹೊರತು, "ಇದನ್ನು ಹೀಗೆ ಸಡಿಲಿಸಿ ಹೀಗೆ ಎತ್ತಬೇಕು" ಎಂದು ತೋರಿಸಲಿಲ್ಲ. ಹಳ್ಳಿ ಸುತ್ತುವ ನಾವಾದರೂ ತೋರಿಸಿದೆವೇ? ಇಲ್ಲ. ಅದು ವಿದ್ಯುತ್ತಿನವರ ಕೆಲಸ, ನಮ್ಮದಲ್ಲ ಎಂದು ಸುಮ್ಮನಿದ್ದೆವು. ನೀವು ಹಣ ತೆತ್ತು ಪಡೆದ ಅನುಕೂಲ ಅದು. ಈಗಲಾದರೂ ಜೋಡಿಸಿದವರನ್ನು ಕರೆಸಿ ಕೇಳಿ ತಿಳಿದುಕೊಳ್ಳಿ.

ಈಗ ಮನೆಯ ಸ್ಟ್ಯಾಂಡಿನ ವಿಚಾರ. ಎರಡೇ ನಿಲುವು ಸಾಕು: ಚಳಿಗಾಲಕ್ಕೆ 30 ಡಿಗ್ರಿ, ಬೇಸಿಗೆ ಮಳೆಗಾಲಗಳಿಗೆ 10 ಡಿಗ್ರಿ. ಬೀದರ-ಕಲಬುರಗಿಯವರು ಎರಡಕ್ಕೂ ಎರಡು ಮೂರು ಡಿಗ್ರಿ ಸೇರಿಸಿಕೊಳ್ಳಲಿ. ಬೇಸಿಗೆಯಲ್ಲಿ ಸೂರ್ಯ ನೆತ್ತಿಯ ಮೇಲಿರುವಾಗ ಪೂರ್ತಿ ಮಟ್ಟಸವಾಗಿ ಏಕೆ ಮಲಗಿಸಬಾರದೆಂದು ಕೇಳಬಹುದು. ಮಟ್ಟಸವಾದರೆ ಮಳೆನೀರು ನಿಂತು, ಅದರಲ್ಲಿನ ಧೂಳು ಕೆಳ ಅಂಚಿನಲ್ಲಿ ಪಟ್ಟಿಯಾಗಿ ಗಟ್ಟಿಕಟ್ಟುತ್ತದೆ. ತಾರಸಿಗೆ ಗಾರೆಯವರು ವಾಟ ಕೊಡುವುದಿಲ್ಲವೇ, ಹಾಗೆಯೇ ಫಲಕಕ್ಕೂ ನೀರು ಇಳಿಯುವಷ್ಟು ವಾಟ ಇರಲೇಬೇಕು.

ಅಳತೆಗೆ ಉಪಕರಣ ಬೇಡ. ಒಂದು ಮೀಟರ್ ಅಗಲದ ಫಲಕವನ್ನು ಅಡ್ಡಲಾಗಿ ಇಟ್ಟರೆ, ಅದರ ಹಿಂದಿನ ಅಂಚು ಮುಂದಿನ ಅಂಚಿಗಿಂತ 50 ಸೆಂಟಿಮೀಟರ್ ಮೇಲಿದ್ದರೆ 30 ಡಿಗ್ರಿ. ಮೊಳದ ಮೇಲೆ ಎರಡು ಮೂರು ಬೆರಳು ಎನ್ನಿ. 17 ಸೆಂಟಿಮೀಟರ್ ಎತ್ತರವಿದ್ದರೆ 10 ಡಿಗ್ರಿ, ಗೇಣಿಗೂ ಸ್ವಲ್ಪ ಕಡಿಮೆ. ಉದ್ದುದ್ದ ನಿಲ್ಲಿಸಿದ ಎರಡು ಮೀಟರಿನ ಫಲಕಕ್ಕೆ ಇವೆರಡನ್ನೂ ಇಮ್ಮಡಿ ಮಾಡಿ. ಆದರೆ ಅಡ್ಡಲಾಗಿ ಇಡುವುದೇ ಮೇಲು. ತಗ್ಗಾಗಿದ್ದಷ್ಟೂ ಗಾಳಿಯ ಹಿಡಿತ ಕಡಿಮೆ. ಮುಂದಿನ ಅಂಚಿಗೆ ಎರಡು ಬಿಜಾಗರಿ, ಹಿಂದೆ ಎರಡು ಕಾಲು, ಪ್ರತಿ ಕಾಲಿನಲ್ಲಿ ಎರಡೆರಡು ತೂತು. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಆ್ಯಂಗಲ್ ಪಟ್ಟಿಯಿಂದ ಮಾಡಿಸಿದರೂ ಆದೀತು. ಬೆಸುಗೆಯಾದ ಮೇಲೆ ತುಕ್ಕು ಹಿಡಿಯದಂತೆ ಬಣ್ಣ ಬಳಿಸಬೇಕು. ಫಲಕದ ಅಲ್ಯೂಮಿನಿಯಂ ಚೌಕಟ್ಟಿಗೆ ಹೊಸ ತೂತು ಕೊರೆಯಲೇಬಾರದು. ಕೊರೆದರೆ ಕಂಪನಿಯ ವಾರಂಟಿ ಹೋಗುವ ಸಂಭವ ಹೆಚ್ಚು. ಇರುವ ತೂತುಗಳನ್ನೇ ಬಳಸಿ.

ದಕ್ಷಿಣ ದಿಕ್ಕನ್ನು ಗುರುತಿಸಲು ನೆಲದಲ್ಲಿ ನೆಟ್ಟಗೊಂದು ಕೋಲು ನೆಟ್ಟು, ನೆರಳು ಅತಿ ಚಿಕ್ಕದಾದಾಗ ಗೆರೆ ಎಳೆಯಿರಿ. ಅದೇ ತೆಂಕು-ಬಡಗು. ಆದರೆ ಗಡಿಯಾರದ ಹನ್ನೆರಡು ಗಂಟೆಗೆ ಎಳೆಯಬೇಡಿ. ನಮ್ಮ ಗಡಿಯಾರ ನಡೆಯುವುದು ನಮಗಿಂತ ಪೂರ್ವಕ್ಕಿರುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಚಿತ್ರದುರ್ಗದಲ್ಲಿ ನಿಜವಾದ ನಡುಹಗಲು ನವೆಂಬರ್ ಮೊದಲಲ್ಲಿ 12 ಗಂಟೆ 8 ನಿಮಿಷದ ಹತ್ತಿರ, ಫೆಬ್ರವರಿ ಮಧ್ಯದಲ್ಲಿ 12 ಗಂಟೆ 38ರ ಹತ್ತಿರ ಬರುತ್ತದೆ. ಓರೆ ಸರಿಯಿದೆಯೇ ಎಂದು ನೋಡಲು ಇನ್ನೂ ಸುಲಭದ ಉಪಾಯವಿದೆ. ಒಂದು ಚಿಕ್ಕ ಮರದ ಹಲಗೆಗೆ ಮೊಳೆಯೊಂದನ್ನು ನೆಟ್ಟಗೆ ಹೊಡೆದು, ಆ ಹಲಗೆಯನ್ನು ಫಲಕದ ಮೇಲೆ ಅಂಟಿಸಿದಂತೆ ಹಿಡಿಯಿರಿ. ನಡುಹಗಲಲ್ಲಿ ಮೊಳೆಗೆ ನೆರಳಿಲ್ಲವೆಂದರೆ ಫಲಕ ಸೂರ್ಯನಿಗೆ ನೇರ ಮುಖವಾಗಿದೆ. ನೆರಳು ಗಿಡ್ಡವಾಗಿದ್ದರೂ ಚಿಂತೆಯಿಲ್ಲ.

ಯಾವಾಗ ಬದಲಿಸಬೇಕು? ಲೆಕ್ಕದ ಪ್ರಕಾರ ಅಕ್ಟೋಬರ್ ಮೊದಲ ವಾರ ಮತ್ತು ಮಾರ್ಚ್ ಎರಡನೆಯ ವಾರ. ದಿನಾಂಕ ಯಾರಿಗೆ ನೆನಪಿರುತ್ತದೆ? ಆದ್ದರಿಂದ ನಾನು ಹೇಳುವುದು: ಆಯುಧಪೂಜೆಗೆ ಎಬ್ಬಿಸಿ, ಯುಗಾದಿಗೆ ಮಲಗಿಸಿ. ಆಯುಧಪೂಜೆಯ ದಿನ ಹೇಗೂ ನೇಗಿಲು, ಟ್ರ್ಯಾಕ್ಟರು, ಪಂಪುಗಳನ್ನೆಲ್ಲ ತೊಳೆಯುತ್ತೀರಿ. ಫಲಕವನ್ನೂ ತೊಳೆದು, ಬೋಲ್ಟುಗಳಿಗೆ ಗ್ರೀಸು ಹಚ್ಚಿ, ಹಿಂದಿನ ಕಾಲನ್ನು ಮೇಲಿನ ತೂತಿಗೆ ಏರಿಸಿ. ಹಬ್ಬ ಹದಿನೈದು ದಿನ ಹಿಂದೆ ಮುಂದೆ ಬಂದರೆ ನಷ್ಟ ಲೆಕ್ಕಕ್ಕಿಲ್ಲ. ಯುಗಾದಿಯದು ಮಾತ್ರ ತಪ್ಪಬಾರದು. ಅದಕ್ಕೆ ಕಾರಣ ಬಿಸಿಲಲ್ಲ, ಗಾಳಿ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನಮ್ಮ ಊರ ಮನೆಯ ತಾರಸಿಯ ಮೇಲೆ ಎರಡು ಫಲಕಗಳಿಗೆ ಇಂಥದ್ದೇ ಸ್ಟ್ಯಾಂಡು ಮಾಡಿಸಿದ್ದೆ. ಹಳ್ಳಿ ಹಳ್ಳಿ ಸುತ್ತಿ ಬೇರೆಯವರಿಗೆ ಬುದ್ಧಿ ಹೇಳುವ ನಾನು, 2021ರ ಬೇಸಿಗೆಯಲ್ಲಿ ಫಲಕವನ್ನು ಮಲಗಿಸಲು ಮರೆತೆ. ಇಂದು ನಾಳೆ ಎನ್ನುತ್ತ ಮೇ ತಿಂಗಳು ಬಂತು. ಕೃತ್ತಿಕೆ ಮಳೆಗೆ ಮೊದಲಿನ ಬಿರುಗಾಳಿ ನಿಮಗೆ ಗೊತ್ತೇ ಇದೆ. ದುರ್ಗದ ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಒಂದು ಸಂಜೆ ಉತ್ತರದಿಂದ ಬಂದ ಗಾಳಿ ಎದ್ದು ನಿಂತಿದ್ದ ಫಲಕದ ಬೆನ್ನಿಗೆ ಹೊಕ್ಕಿತು. ಒಂದು ಕಾಲಿಗೆ ಬೋಲ್ಟಿನ ಬದಲು ಬರೀ ಕಡ್ಡಿ ಸಿಕ್ಕಿಸಿದ್ದೆ. ಕಡ್ಡಿ ಹಾರಿತು, ಬಿಜಾಗರಿ ಹರಿಯಿತು, ಇಪ್ಪತ್ತು ಕಿಲೋಗೂ ಮಿಕ್ಕಿದ ಫಲಕ ಅಂಗಳಕ್ಕೆ ಬಿತ್ತು. ಅರ್ಧ ಗಂಟೆಯ ಹಿಂದೆ ಅವ್ವ ಅದೇ ಜಾಗದಲ್ಲಿ ಕುಳಿತು ಒಣಗಿದ ಹಪ್ಪಳ ತೆಗೆಯುತ್ತಿದ್ದಳು. ಗಾಳಿಯ ಸದ್ದು ಕೇಳಿ ಒಳಗೆ ಹೋಗಿದ್ದಳು, ಅಷ್ಟೇ. ಹತ್ತು ಪಾಲು ವಿದ್ಯುತ್ತಿನ ಆಸೆಗೆ ನಾನು ಎಂಥ ಪಂದ್ಯ ಕಟ್ಟಿದ್ದೆ ಎಂಬುದು ಆಗ ತಿಳಿಯಿತು.

ಆದ್ದರಿಂದ ಕಡ್ಡಿ, ತಂತಿ, ಹಗ್ಗಗಳಿಂದ ಕಾಲು ನಿಲ್ಲಿಸುವವರು ಓರೆ ಬದಲಿಸುವ ಯೋಚನೆಯನ್ನೇ ಬಿಡುವುದು ಒಳ್ಳೆಯದು. ಪ್ರತಿ ಕಾಲಿಗೂ ತುಕ್ಕು ಹಿಡಿಯದ ಬೋಲ್ಟು, ಅದಕ್ಕೆ ಸಡಿಲವಾಗದ ನಟ್ಟು. ಕಾಲುಗಳ ಬುಡಕ್ಕೆ ತಾರಸಿಗೆ ಕಚ್ಚಿದ ಆಂಕರು, ಇಲ್ಲವೇ ಭಾರವಾದ ಕಾಂಕ್ರೀಟು ದಿಮ್ಮಿ. ಬಂಗಾಳ ಕೊಲ್ಲಿಯಲ್ಲಿ ಅಕ್ಟೋಬರ್-ನವೆಂಬರಿನಲ್ಲೂ ವಾಯುಭಾರ ಕುಸಿದು ಗಾಳಿ ಮಳೆ ಬರುತ್ತದೆ ಎಂಬುದನ್ನು ಮರೆಯಬಾರದು.

ಹಂಚಿನ ಮನೆ, ತಗಡಿನ ಮನೆಯವರು ಈ ಗೋಜಿಗೆ ಹೋಗಲೇಬೇಡಿ. ಇಳಿಜಾರಿನ ಚಾವಣಿಯ ಮೇಲೆ ವರ್ಷಕ್ಕೆರಡು ಬಾರಿ ಹತ್ತಿ ಇಳಿಯುವುದಕ್ಕಿಂತ ಒಂದೇ ಓರೆಗೆ ಭದ್ರವಾಗಿ ಬಿಗಿಸಿಕೊಳ್ಳುವುದು ಕ್ಷೇಮ. ತಗಡಿಗೂ ಫಲಕಕ್ಕೂ ನಡುವೆ ಗೇಣು ಜಾಗ ಬಿಡಿಸಿ, ಗಾಳಿಯಾಡಲಿ. ಫಲಕ ಕಾದಷ್ಟೂ ಅದರ ಉತ್ಪತ್ತಿ ಕುಗ್ಗುತ್ತದೆ. 25 ಡಿಗ್ರಿ ಸೆಲ್ಸಿಯಸ್ ಮೇಲಿನ ಪ್ರತಿ ಡಿಗ್ರಿ ಶಾಖಕ್ಕೆ ನೂರಕ್ಕೆ 0.3ರಿಂದ 0.4 ಪಾಲು ನಷ್ಟ. ಕಾದ ತಗಡಿಗೆ ಅಂಟಿಸಿದ ಫಲಕವು ಓರೆಯಿಂದ ಗಳಿಸುವುದನ್ನೆಲ್ಲ ಶಾಖಕ್ಕೆ ತೆರುತ್ತದೆ.

ವಿದ್ಯುತ್ತಿನ ಎಚ್ಚರ. ಫಲಕಕ್ಕೆ ಸ್ವಿಚ್ಚು ಇಲ್ಲ. ಬೆಳಕು ಬಿದ್ದಷ್ಟು ಹೊತ್ತೂ ಅದರಲ್ಲಿ ವಿದ್ಯುತ್ತು ಇರುತ್ತದೆ. ಪಂಪಿನಂತೆ ಹಲವು ಫಲಕ ಸಾಲಾಗಿ ಜೋಡಿಸಿದ ಕಡೆ ಅದು ಪ್ರಾಣ ತೆಗೆಯುವಷ್ಟು ವೋಲ್ಟೇಜು. ಓರೆ ಬದಲಿಸುವ ಮೊದಲು ಪಂಪನ್ನೋ ಇನ್ವರ್ಟರನ್ನೋ ಆರಿಸಿ, ಅದರ ಐಸೊಲೇಟರ್ ಸ್ವಿಚ್ಚು ತೆಗೆಯಿರಿ. ಹೊರೆ ಇರುವಾಗ ವೈರಿನ ಕೊಂಡಿ ಎಳೆದರೆ ಕಿಡಿ ಹಾರುತ್ತದೆ. ಕೆಲಸವನ್ನು ಬೆಳಗಿನ ಜಾವ, ಬಿಸಿಲೇರುವ ಮುನ್ನ, ಇಬ್ಬರಾಗಿ ಮಾಡಿ. ವೈರಿಗೆ ಎರಡು ನಿಲುವಿಗೂ ಸಾಲುವಷ್ಟು ಸಡಿಲು ಇರಲಿ. ಅರ್ಥಿಂಗ್ ತಂತಿ ಬಿಜಾಗರಿಯ ಆಚೆಗೂ, ಫಲಕದ ಚೌಕಟ್ಟಿನವರೆಗೂ ಮುಟ್ಟಿರಲಿ. ಎರಡು ಸಾಲು ಫಲಕ ಇರುವವರು ಎಬ್ಬಿಸಿದಾಗ ಮುಂದಿನ ಸಾಲಿನ ನೆರಳು ಹಿಂದಿನದರ ಮೇಲೆ ಬೀಳದಂತೆ, ಎಬ್ಬಿಸಿದ ಅಂಚಿನ ಎತ್ತರಕ್ಕಿಂತ ತುಸು ಹೆಚ್ಚೇ ಅಂತರ ಬಿಡಬೇಕು. ಫಲಕದ ಒಂದು ಮೂಲೆಗೆ ನೆರಳು ಬಿದ್ದರೆ ಆ ಮೂಲೆಯದು ಮಾತ್ರವಲ್ಲ, ಸಾಲಿನದೇ ಉತ್ಪತ್ತಿ ಕುಗ್ಗುತ್ತದೆ.

ಇಷ್ಟೆಲ್ಲ ಬರೆದ ಮೇಲೂ ಒಂದು ಮಾತು ಹೇಳದಿದ್ದರೆ ಆತ್ಮವಂಚನೆಯಾದೀತು. ನಮ್ಮ ಬಯಲುಸೀಮೆಯಲ್ಲಿ ಓರೆಗಿಂತ ಹೆಚ್ಚು ನಷ್ಟ ಮಾಡುವುದು ಧೂಳು. ಮಣ್ಣಿನ ರಸ್ತೆಯ ಪಕ್ಕದ ಮನೆ, ಒಕ್ಕಣೆಯ ಕಣ, ಕಬ್ಬಿನ ರವುದಿ ಸುಡುವ ಗದ್ದೆಯ ಬದಿ, ಇಲ್ಲೆಲ್ಲ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು ಕೂತ ಫಲಕವನ್ನು ಎಷ್ಟು ಓರೆ ಮಾಡಿದರೇನು? ಬೇಸಿಗೆಯಲ್ಲಿ ವಾರಕ್ಕೊಮ್ಮೆ ಮುಂಜಾನೆ ತಣ್ಣಗಿರುವಾಗ ಮೆತ್ತನೆಯ ಬಟ್ಟೆಯಿಂದ ತೊಳೆಯಿರಿ. ಉರಿಬಿಸಿಲಲ್ಲಿ ಕಾದ ಗಾಜಿಗೆ ತಣ್ಣೀರು ಎರಚಬಾರದು. ಕೊಳವೆಬಾವಿಯ ಗಡುಸು ನೀರನ್ನು ಹಾಗೆಯೇ ಒಣಗಲು ಬಿಟ್ಟರೆ ಬಿಳಿ ಉಪ್ಪಿನ ಪದರ ಕಟ್ಟುತ್ತದೆ; ಕೂಡಲೇ ಒರೆಸಬೇಕು.

ಚಳ್ಳಕೆರೆ ಕಡೆಯ ಆ ಹಿರಿಯರು ತಿರುಗುವ ಸ್ಟ್ಯಾಂಡನ್ನು ಪಟ್ಟಿಯಿಂದ ಹೊಡೆಸಿ ಹಾಕಿದರು. ಮನೆಯ ತಾರಸಿಯ ಫಲಕಗಳನ್ನು 15 ಡಿಗ್ರಿಗೆ ಒಂದೇ ಸಲ ಬಿಗಿಸಿದ್ದಾರೆ. ಹೊಲದ ಗುಡಿಸಲಿನ ದೀಪಕ್ಕಿರುವ ಹಳೆಯ ಪ್ಲೇಟಿಗೆ ಮಾತ್ರ ಎರಡು ತೂತಿನ ಕಾಲು ಮಾಡಿಸಿ, ತೂತುಗಳ ಪಕ್ಕದಲ್ಲಿ ಕೆಂಪು ಬಣ್ಣದಿಂದ 'ಆಯುಧಪೂಜೆ', 'ಯುಗಾದಿ' ಎಂದು ಮೊಮ್ಮಗಳ ಕೈಯಿಂದ ಬರೆಸಿದ್ದಾರೆ. ಬೋಲ್ಟು ಹಾಕಿದ್ದಾರೆಯೇ ಎಂದು ಹೋದಾಗ ಎಳೆದು ನೋಡಿ ಬಂದೆ. ಹಾಕಿದ್ದಾರೆ.